ತರಬೇತಿ ಕಡ್ಡಾಯ ಅಂದ ಮೇಲೆ ದಾರಿಖರ್ಚು ಯಾರದು?

ಹೋದ ತಿಂಗಳು ನಮ್ಮ ಕಂಪನಿ ಕಲಬುರಗಿಯಲ್ಲಿ 3 ದಿನದ ತರಬೇತಿ ಇಟ್ಟಿತ್ತು. ನಾನು ಕೆಲಸ ಮಾಡುವುದು ಹುಮನಾಬಾದ್ ಶಾಖೆಯಲ್ಲಿ. ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜ್‌ನಲ್ಲಿ ‘ಕಡ್ಡಾಯ’ ಅನ್ನುವ ಪದ ದಪ್ಪ ಅಕ್ಷರದಲ್ಲಿತ್ತು. ಬಾರದಿದ್ದರೆ ಸಂಬಳ ಕಟ್. ಎಷ್ಟು ಗಂಟೆಗೆ ಬರಬೇಕು, ಯಾವ ಬಟ್ಟೆ ಹಾಕಬೇಕು, ಎಲ್ಲ ಬರೆದಿದ್ದರು. ಹೋಗಿ ಬರುವ ಖರ್ಚಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೊದಲ 2 ದಿನ ಬಸ್ಸಿಗೆ ಹೋದೆ. ಬೆಳಿಗ್ಗೆ ಸ್ಕೂಟಿ ಬಸ್ ನಿಲ್ದಾಣದ ಬೈಕ್ ಸ್ಟ್ಯಾಂಡಿನಲ್ಲಿ ಬಿಡುವುದು, ಕಮಲಾಪುರ, ಮಹಾಗಾಂವ್ ಕ್ರಾಸ್ ದಾಟಿ ಕಲಬುರಗಿಯಲ್ಲಿ ಇಳಿಯುವುದು, ಅಲ್ಲಿಂದ ಸೇಡಂ ರಸ್ತೆಗೆ ಆಟೋ. ಮೂರನೇ ದಿನ ಪರೀಕ್ಷೆ ಇತ್ತು, ಬೆಳಿಗ್ಗೆ ಬೇಗ ಇರಬೇಕು ಅಂದರು. ಹಾಗಾಗಿ ನಾಲ್ಕು ಜನ ಸೇರಿ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋದೆವು.

ನನ್ನ ಲೆಕ್ಕ ಇಷ್ಟು. ಸ್ಟ್ಯಾಂಡಿಗೆ ದಿನಕ್ಕೆ 20ರಂತೆ 40 ರೂಪಾಯಿ. ಆಟೋಕ್ಕೆ ಒಂದು ಸಲಕ್ಕೆ 100, ಒಟ್ಟು 400. ಕಾರಿನ ಪೆಟ್ರೋಲ್, ಪಾರ್ಕಿಂಗ್ ಸೇರಿ ನನ್ನ ಪಾಲು 200. ಎಲ್ಲ ಸೇರಿ 640. ನನ್ನ ಸಂಬಳ 16,000. ತಿಂಗಳಿಗೆ 26 ದಿನದ ಕೆಲಸ ಅಂತ ಹಿಡಿದರೆ ದಿನಕ್ಕೆ 615 ಬೀಳುತ್ತದೆ. ಅಂದರೆ ತರಬೇತಿಗೆ ಹೋಗಿ ಬರುವುದಕ್ಕೇ ಒಂದು ದಿನದ ದುಡಿಮೆಗಿಂತ ಜಾಸ್ತಿ ಹೋಯಿತು.

ಫಾರ್ಮ್ ತುಂಬಿ ಕೊಟ್ಟೆ. ವಾರ ಬಿಟ್ಟು ಅಕೌಂಟ್ಸ್‌ನಿಂದ ಫೋನ್ ಬಂತು. “ಮೇಡಂ, ಆಟೋಕ್ಕ ಬಿಲ್ ಇಲ್ಲ, ಹೆಂಗ ಪಾಸ್ ಮಾಡ್ಲಿ? ಸ್ಟ್ಯಾಂಡಿಂದು ನಿಮ್ಮ ಸ್ವಂತದ್ದು. ಬಸ್ ಅಂತೂ ನಿಮಗ ಫ್ರೀ ಅದ ಅಲ್ರಿ?”

ಈ ಫ್ರೀ ಮಾತು ನನಗೆ ತುಂಬ ನೋವು ಮಾಡಿತು. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅವತ್ತಿನಿಂದ ನಮ್ಮಂಥವರಿಗೆ ದೊಡ್ಡ ಆಸರೆ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ತೆಗೆದುಕೊಳ್ಳುವ ಶೂನ್ಯ ಟಿಕೆಟ್ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ಕೊಡುತ್ತದೆ. ಅದು ಜನರ ತೆರಿಗೆ ದುಡ್ಡು. ಕಂಪನಿಯ ಕೆಲಸಕ್ಕೆ ನಾನು ಓಡಾಡಿದ ಖರ್ಚನ್ನು ಜನರೇ ಕಟ್ಟಿದ್ದಾರೆ, ಕಂಪನಿಗೆ ಅಷ್ಟು ಉಳಿದಿದೆ. ನಾನು ಬಸ್ ಚಾರ್ಜ್ ಕೇಳಲೇ ಇಲ್ಲ. ಕೊಡದೇ ಇರುವ ದುಡ್ಡನ್ನು ಕೇಳುವುದು ತಪ್ಪು. ಆದರೆ ಬಸ್ ಫ್ರೀ ಅಂತ ಹೇಳಿ ಆಟೋ ದುಡ್ಡನ್ನೂ ತಳ್ಳಿಹಾಕುವುದು ಯಾವ ನ್ಯಾಯ?

ಇನ್ನು ಸ್ಟ್ಯಾಂಡಿನ 40 ರೂಪಾಯಿ. ದಿನಾ ನಾನು ಸ್ಕೂಟಿಯನ್ನು ಶಾಖೆಯ ಮುಂದೆ ನಿಲ್ಲಿಸುತ್ತೇನೆ, ಅಲ್ಲಿ ಒಂದು ಪೈಸೆ ಖರ್ಚಿಲ್ಲ. ತರಬೇತಿ ಇರದಿದ್ದರೆ ಸ್ಟ್ಯಾಂಡಿಗೆ ಹೋಗುವ ಕೆಲಸವೇ ಇರಲಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ಈ ತರಬೇತಿಯಿಂದಾಗಿ ಮಾಮೂಲಿ ದಿನಕ್ಕಿಂತ ಎಷ್ಟು ಹೆಚ್ಚಿಗೆ ಖರ್ಚಾಯಿತು? ಅಷ್ಟನ್ನು ಕೊಡಬೇಕು. ಮಧ್ಯಾಹ್ನದ ಊಟ ಅವರೇ ಹಾಕಿದರು, ಹಾಗಾಗಿ ಊಟದ ಲೆಕ್ಕ ನಾನು ಬರೆಯಲಿಲ್ಲ. ಮನೆಯಿಂದ ನಿಲ್ದಾಣದವರೆಗಿನ ಪೆಟ್ರೋಲ್ ಕೂಡ ಬರೆಯಲಿಲ್ಲ, ಶಾಖೆಗೆ ಹೋದರೂ ಅಷ್ಟೇ ಆಗುತ್ತಿತ್ತು.

“ಎಲ್ಲ ಸಂಬಳದಾಗೇ ಬಂತಲ್ರಿ” ಅಂತ ಇನ್ನೊಬ್ಬರು ಹೇಳಿದರು. ಇದು ಸರಿ ಅಲ್ಲ. 1936ರ ವೇತನ ಪಾವತಿ ಕಾಯ್ದೆ ಪ್ರಯಾಣ ಭತ್ಯೆಯನ್ನು ಸಂಬಳದಿಂದ ಹೊರಗಿಟ್ಟಿತ್ತು. ಕೆಲಸದ ಸ್ವರೂಪದಿಂದ ನೌಕರನ ಮೇಲೆ ಬೀಳುವ ವಿಶೇಷ ಖರ್ಚಿಗೆ ಕೊಡುವ ದುಡ್ಡನ್ನೂ ಹೊರಗಿಟ್ಟಿತ್ತು. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಇದೇ ಮಾತಿದೆ. ಸಂಬಳ ಬೇರೆ, ಕೆಲಸಕ್ಕಾಗಿ ಕೈಯಿಂದ ಹಾಕಿದ ದುಡ್ಡು ಬೇರೆ. ನಮ್ಮಕ್ಕ ಸರ್ಕಾರಿ ಶಾಲೆ ಟೀಚರ್. ತರಬೇತಿಗೆ ಹೋದರೆ ಅವಳಿಗೆ ಓಓಡಿ, ಅಂದರೆ ಹೊರಗೆ ಕರ್ತವ್ಯದ ಮೇಲೆ ಇದ್ದಾಳೆ ಅಂತ, ಹಾಕುತ್ತಾರೆ, ಅವಳು ಹಾಜರಾತಿ ಪ್ರಮಾಣಪತ್ರ ತಂದು ಕೊಡುತ್ತಾಳೆ. ಅಲ್ಲಿ ಟಿಎ (ಪ್ರಯಾಣ ಭತ್ಯೆ) ಬಿಲ್ ಅಂತ ಒಂದು ದಾರಿ ಇದೆ. ದುಡ್ಡು ತಡವಾಗಬಹುದು, ಆದರೆ ಕೇಳಿದ್ದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಖಾಸಗಿಯಲ್ಲಿ ಇರುವವರು ಕಂಪನಿಯ ಟ್ರಾವೆಲ್ ಪಾಲಿಸಿ ಮತ್ತು ನೇಮಕಾತಿ ಪತ್ರ ಹಿಡಿದುಕೊಂಡೇ ಮಾತಾಡಬೇಕು. ನಾನು ನನ್ನ ನೇಮಕಾತಿ ಪತ್ರ ಪೂರ್ತಿ ಓದಿದ್ದು ಈ ಜಗಳ ಆದ ಮೇಲೆ. ದಯವಿಟ್ಟು ನೀವು ಮೊದಲೇ ಓದಿ.

ಇನ್ನೊಂದು ಮಾತು, ಚೀಟಿಗಳದ್ದು. ಸ್ಟ್ಯಾಂಡಿನವರು ಕೊಟ್ಟದ್ದು ಬೆರಳುದ್ದದ ಹಳದಿ ಕಾಗದ. ಅದರ ಮೇಲೆ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಪೆನ್ನಿನಲ್ಲಿ ಗೀಚಿದ್ದರು. ದಿನಾಂಕ ಇರಲಿಲ್ಲ. ಅದೂ ಒಂದು ತಕರಾರಾಯಿತು. “ಅಣ್ಣಾ, ತಾರೀಖು ಬರೀರಿ” ಅಂತ ಅಲ್ಲೇ ಕೇಳಿದರೆ ಬರೆದು ಕೊಡುತ್ತಾರೆ. ಬಸ್ ಟಿಕೆಟ್ ಇನ್ನೂ ಕಷ್ಟ. ಆ ಮಷಿನ್ ಶಾಯಿ ಬಳಸುವುದಿಲ್ಲ, ಕಾಗದಕ್ಕೆ ಬಿಸಿ ತಾಗಿಸಿ ಅಕ್ಷರ ಮೂಡಿಸುತ್ತದೆ. ನಮ್ಮ ಕಡೆಯ ಬಿಸಿಲಿಗೆ, ಜೇಬಿನ ಬೆವರಿಗೆ ಅದು ಎಷ್ಟು ದಿನ ಉಳಿದೀತು? ಇಳಿದ ತಕ್ಷಣ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಡಿ. ಆಟೋದವರು ಬಿಲ್ ಕೊಡುವುದಿಲ್ಲ ಅಂತ ಕಂಪನಿಗೂ ಗೊತ್ತಿದೆ. ಅದಕ್ಕೇ ಎಷ್ಟೋ ಕಡೆ ಸಣ್ಣ ಮೊತ್ತಕ್ಕೆ ನಾವೇ ಸಹಿ ಹಾಕಿದ ವೋಚರ್ ಒಪ್ಪುತ್ತಾರೆ. ಕಾರಿನಲ್ಲಿ ಹೋಗುವುದಿದ್ದರೆ ಮೊದಲೇ ಒಂದು ಮೇಲ್ ಹಾಕಿ ಒಪ್ಪಿಗೆ ಪಡೆಯಬೇಕು. ನಾವು ಬರೀ ಬಾಯಲ್ಲಿ ಹೇಳಿದ್ದೆವು, ಈಗ ಯಾರಿಗೂ ನೆನಪಿಲ್ಲ ಅನ್ನುತ್ತಾರೆ.

ನನಗಿಂತ ಜಾಸ್ತಿ ಕಳೆದುಕೊಂಡವನು ನಮ್ಮ ಆಫೀಸಿನ ಹುಡುಗ. ಅವನು ಬರುವುದು ಚಿಟಗುಪ್ಪ ಕಡೆಯಿಂದ, ಎರಡು ಬಸ್ ಬದಲಿಸಬೇಕು, ಪೂರ್ತಿ ಟಿಕೆಟ್ ಕೊಡಬೇಕು. ಸಂಬಳ ನನ್ನದಕ್ಕಿಂತ ಕಡಿಮೆ. 2 ವರ್ಷದಲ್ಲಿ ಇಂಥ ನಾಲ್ಕು ತರಬೇತಿಗೆ ಹೋಗಿದ್ದಾನೆ, ಒಂದು ಸಲವೂ ಕ್ಲೇಮ್ ಮಾಡಿಲ್ಲ. ಯಾಕೆ ಅಂತ ಕೇಳಿದೆ. “ಬ್ಯಾಡ್ರಿ ಅಕ್ಕಾ, ಸಣ್ಣ ರೊಕ್ಕಕ್ಕ ಕೈ ಚಾಚ್ತಾನ ಅಂತಾರ” ಅಂದ.

ಸೋಮವಾರ ಊಟದ ಹೊತ್ತಲ್ಲಿ ಇಬ್ಬರೂ ಕೂತು ಅವನ ಫಾರ್ಮ್ ತುಂಬಿದೆವು. ಟಿಕೆಟ್‌ಗಳನ್ನು ಮೊಬೈಲ್ ಕವರಿನೊಳಗೆ ಮಡಚಿ ಇಟ್ಟುಕೊಂಡಿದ್ದ. ಬಿಡಿಸಿ ನೋಡಿದರೆ ಎರಡು ಟಿಕೆಟ್ ಪೂರ್ತಿ ಬಿಳಿ, ಒಂದಕ್ಷರವೂ ಉಳಿದಿರಲಿಲ್ಲ. ಆ ಎರಡಕ್ಕೂ ತಾರೀಖು, ಬಸ್ ಹೊರಟ ಸಮಯ, ಕೊಟ್ಟ ದುಡ್ಡು ಪೆನ್ನಿನಲ್ಲಿ ಬರೆದು ಅವನಿಂದ ಸಹಿ ಹಾಕಿಸಿದೆ. ನನ್ನ ಫಾರ್ಮನ್ನೂ ವೋಚರ್ ಸಮೇತ ಹೊಸದಾಗಿ ಬರೆದೆ. ಎರಡನ್ನೂ ಒಟ್ಟಿಗೆ ಕೊಟ್ಟು, ಬಂದಿದೆ ಅಂತ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ.