ದೀಪದ ಹೆಂಗಸಿನ ಖಾತಾ ಬದಲಾವಣೆ

ನಮ್ಮಲ್ಲಿ ಒಂದು ಸೈಟಿನ ಖಾತೆ ಬದಲಾಯಿಸೋಕೆ ಏನೇನು ಬೇಕು ಅಂತ ಪಾಡು ಪಟ್ಟವರಿಗೆಲ್ಲ ಗೊತ್ತು. ಕ್ರಯಪತ್ರ, ಕಂದಾಯ ಕಟ್ಟಿದ ರಶೀದಿ, ಇ.ಸಿ., ಎರಡು ಫೋಟೋ, ಜೊತೆಗೆ ಆ ಕೇಸ್ ವರ್ಕರ್ ಊಟಕ್ಕೆ ಹೋದವರು ಬರುವವರೆಗೂ ಬೆಂಚಿನ ಮೇಲೆ ಕೂರುವ ಸೊಂಟ. ಆದರೆ ಒಂದು ಚಿತ್ರದ ಖಾತೆಯನ್ನು ಮಹಾರಾಷ್ಟ್ರದ ಸಾವಂತವಾಡಿಯ ಚಿತ್ರಕಾರ ಹಲ್ದಣಕರ್ ಹೆಸರಿನಿಂದ ಕೇರಳದ ಕಿಳಿಮಾನೂರಿನ ರವಿವರ್ಮನ ಹೆಸರಿಗೆ ಮಾಡಿಸೋಕೆ ಇದ್ಯಾವುದೂ ಬೇಡ. ಮೈಸೂರಿಗೆ ಒಂದು ಟೂರ್ ಬಸ್ ಹತ್ತಿದರೆ ಸಾಕು.

ಹೋದ ದಸರಾ ರಜೆಯಲ್ಲಿ ತುಮಕೂರಿಂದ ಭಾವ ಬಂದಿದ್ದರು. ಒಂದು ದಿನದ ಪ್ಯಾಕೇಜ್. ಬೆಟ್ಟ, ಅರಮನೆ, ಝೂ, ಚರ್ಚು, ಬೃಂದಾವನ. ನಡುವೆ ಜಗನ್ಮೋಹನ ಅರಮನೆಗೆ ಇಪ್ಪತ್ತು ನಿಮಿಷ. ಊಟಕ್ಕೆ ಒಂದು ಗಂಟೆ, ರೇಷ್ಮೆ ಸೀರೆ ಅಂಗಡಿಗೆ ಒಂದೂವರೆ ಗಂಟೆ, ಕಲೆಗೆ ಇಪ್ಪತ್ತು ನಿಮಿಷ, ಅದರಲ್ಲೇ ಚಪ್ಪಲಿ ಹುಡುಕೋದು, ಮಕ್ಕಳನ್ನು ಎಣಿಸೋದು ಎಲ್ಲ ಸೇರಿ. ಬಸ್ಸಿನಲ್ಲಿ ಮೈಕ್ ಹಿಡಿದಿದ್ದ ಪುಣ್ಯಾತ್ಮ ಇಳಿಯುವ ಮೊದಲೇ ಘೋಷಣೆ ಮಾಡಿದ: 'ಒಳಗೆ ರವಿವರ್ಮ ಬರೆದ ದೀಪದ ಹೆಂಗಸಿನ ಚಿತ್ರ ಇದೆ, ಅದೊಂದು ನೋಡ್ಕೊಂಡು ಬಂದ್ಬಿಡಿ, ಬೇರೆ ಏನೂ ಇಲ್ಲ.'

ಬೇರೆ ಏನೂ ಇಲ್ಲ ಅಂದನಲ್ಲ, ಆ 'ಏನೂ ಇಲ್ಲ'ದ ಪಟ್ಟಿ ಸ್ವಲ್ಪ ಕೇಳಿ. ಈ ಕಟ್ಟಡ ಎದ್ದದ್ದು 1861ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ. 1897ರಲ್ಲಿ ಹಳೆಯ ಮರದ ಅರಮನೆ ಮದುವೆ ಸಂಭ್ರಮದ ನಡುವೆಯೇ ಸುಟ್ಟುಹೋಯಿತಲ್ಲ, ಆಗ ರಾಜಮನೆತನ ಬಂದು ತಂಗಿದ್ದು ಇಲ್ಲೇ. 1902ರಲ್ಲಿ ಲಾರ್ಡ್ ಕರ್ಜನ್ ಬಂದು ಕೂತು, ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭ ನಡೆದದ್ದು ಇಲ್ಲೇ. ಮೈಸೂರು ವಿಶ್ವವಿದ್ಯಾಲಯದ ಆರಂಭದ ಘಟಿಕೋತ್ಸವಗಳು ಇಲ್ಲೇ. 1915ರಲ್ಲಿ ಇದು ಚಿತ್ರಶಾಲೆ ಆಯಿತು. ಅಂದರೆ ನೂರು ವರ್ಷ ದಾಟಿದ ಆರ್ಟ್ ಗ್ಯಾಲರಿ. ಒಳಗೆ ಗೋಡೆ ಮೇಲೆ ಒಡೆಯರ ಇಡೀ ವಂಶಾವಳಿಯನ್ನು ತಾವರೆ ಹೂವಿನ ದಳದಲ್ಲಿ ಬಿಡಿಸಿಟ್ಟಿದ್ದಾರೆ, ಅದಕ್ಕೆ ಸಂತಾನಾಂಬುಜ ಅಂತ ಹೆಸರು. ಒಂದು ಫ್ರೆಂಚ್ ಗಡಿಯಾರ ಇದೆ, ಅದರಲ್ಲಿ ಗಂಟೆ ಹೊಡೆಯುವ ಹೊತ್ತಿಗೆ ಪುಟ್ಟ ಸೈನಿಕರು ಕವಾಯತು ಮಾಡುತ್ತಾರೆ. ಅಕ್ಕಿಕಾಳಿನ ಮೇಲೆ ಬರೆದ ಚಿತ್ರ ಇದೆ, ಭೂತಗನ್ನಡಿ ಇಟ್ಟು ನೋಡಬೇಕು. ನನ್ನ ಮುಂದಿದ್ದ ಯಜಮಾನರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಹೆಂಡತಿಗೆ ಹೇಳಿದರು, 'ಸೋನಾ ಮಸೂರಿ ಇರಬೇಕು ಕಣೇ.'

ನಿಜವಾದ ರವಿವರ್ಮನೂ ಇದ್ದಾನೆ ಅನ್ನೋದು ಇನ್ನೂ ದೊಡ್ಡ ತಮಾಷೆ. ನಾಲ್ವಡಿಯವರು ಮೈಸೂರಿಗೆ ಅಂತಲೇ ಅವನ ಕೈಲಿ ಪುರಾಣದ ಚಿತ್ರಗಳನ್ನು ಬರೆಸಿದ್ದರು, ಅವನ ಕೊನೆಯ ವರ್ಷಗಳಲ್ಲಿ. ಎಣ್ಣೆ ಬಣ್ಣದ ದೊಡ್ಡ ದೊಡ್ಡ ಚಿತ್ರಗಳು. ಜನ ಅವುಗಳ ಮುಂದೆ ಬಸ್ ಸ್ಟ್ಯಾಂಡಿನಲ್ಲಿ ಹೋದ ಹಾಗೆ ಸರಸರ ಹೋಗುತ್ತಾರೆ. ಯಾಕೆ ಅಂದರೆ ರವಿವರ್ಮನ ಚಿತ್ರ ನೋಡಬೇಕಲ್ಲ, ಲೇಟಾಗುತ್ತೆ!

ಆ ದೀಪದ ಚಿತ್ರದ್ದು ಕತ್ತಲೆ ಮಾಡಿದ ಕೋಣೆ. ಹೆಂಗಸೊಬ್ಬಳು ದೀಪ ಹಿಡಿದು ನಿಂತಿದ್ದಾಳೆ, ಗಾಳಿಗೆ ಆರಬಾರದು ಅಂತ ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ. ಬೆಳಕು ಬೆರಳ ಸಂದಿಯಿಂದ ಸೋರಿ ಬೆರಳುಗಳೇ ಕೆಂಪಗೆ ಕಾಣುತ್ತವೆ. ಕರೆಂಟ್ ಹೋದಾಗ ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆವಲ್ಲ ಚಿಕ್ಕವರಿದ್ದಾಗ, ಹಾಗೆ. ಇದನ್ನು ಬರೆದದ್ದು ಎಸ್. ಎಲ್. ಹಲ್ದಣಕರ್, 1945-46ರ ಸುಮಾರಿಗೆ. ರೂಪದರ್ಶಿ ಅವರ ಮಗಳೇ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಬಂದು ಬಹುಮಾನ ಹೊಡೆದ ಚಿತ್ರ, ಆಮೇಲೆ ಇಲ್ಲೇ ಉಳಿಯಿತು. ಬರೀ ಜಲವರ್ಣ. ಜಲವರ್ಣ ಅಂದರೆ ಗೊತ್ತಲ್ಲ, ಒಂದು ಸಲ ತಪ್ಪಿದರೆ ಒರೆಸಿ ಇನ್ನೊಂದು ಸಲ ಬಳಿಯೋಕೆ ಆಗಲ್ಲ. ಬೆಳಕು ಬೇಕು ಅಂದರೆ ಅಲ್ಲಿ ಕಾಗದವನ್ನು ಹಾಗೇ ಬಿಡಬೇಕು, ಅಂದರೆ ಎಲ್ಲಿ ಬರೆಯಬಾರದು ಅಂತ ಮೊದಲೇ ತಿಳಿದಿರಬೇಕು.

ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅಂದರೆ ಸತ್ತು ಸುಮಾರು ನಲವತ್ತು ವರ್ಷ ಆದ ಮೇಲೆ ಎದ್ದು ಬಂದು, ಎಣ್ಣೆ ಬಣ್ಣ ಬಿಟ್ಟು ಜಲವರ್ಣ ಕಲಿತು, ಸಾವಂತವಾಡಿ ಮೂಲದವರ ಮನೆಗೆ ಹೋಗಿ ಅವರ ಮಗಳನ್ನು ನಿಲ್ಲಿಸಿ ಬರೆದು ಕೊಟ್ಟು ಹೋದ ಅಂತಾಯಿತು. ಬಿಡಿ, ಬ್ರಹ್ಮರಾಕ್ಷಸನ ಕೈಲಿ ಒಂದೇ ರಾತ್ರಿಯಲ್ಲಿ ಕೆರೆ ತೋಡಿಸಿದ ಊರುಗಳು ನಮ್ಮವು, ಇದೇನು ಮಹಾ.

ಭಾವನಿಗೆ ಮೆಲ್ಲಗೆ ಹೇಳಿದೆ. 'ಭಾವ, ಇದು ರವಿವರ್ಮಂದಲ್ಲ.'

'ಸುಮ್ನಿರಯ್ಯ. ಇಷ್ಟು ಚೆನ್ನಾಗಿದೆ, ಇನ್ಯಾರು ಬರೀತಾರೆ?'

'ಹಲ್ದಣಕರ್ ಅಂತ. ಪಕ್ಕದಲ್ಲಿ ಹಾಕಿದಾರೆ ನೋಡಿ.'

'ಅದು ಫ್ರೇಮ್ ಹಾಕಿದವರ ಹೆಸರಿರುತ್ತೆ.'

ಅಲ್ಲಿಗೆ ವಾದ ಮುಗಿಯಿತು. ಚೆನ್ನಾಗಿದ್ದರೆ ರವಿವರ್ಮ, ಅಷ್ಟೇ. ತಪ್ಪು ಭಾವನದೊಂದೇ ಅಲ್ಲ ಬಿಡಿ, ನಮ್ಮ ರಾಜ್ಯದ ಕಂದಾಯ ಪದ್ಧತಿಯೇ ಹೀಗೆ. ಒಳ್ಳೆಯ ಅಣೆಕಟ್ಟು ಕಂಡರೆ ವಿಶ್ವೇಶ್ವರಯ್ಯ, ಶಿಲ್ಪ ಕಂಡರೆ ಜಕಣಾಚಾರಿ, ಬುದ್ಧಿಮಾತು ಕಂಡರೆ ಸರ್ವಜ್ಞ, ಚಿತ್ರ ಕಂಡರೆ ರವಿವರ್ಮ. ಒಟ್ಟು ನಾಲ್ಕು ಜನ ಕೆಲಸ ಮಾಡಿದ್ದಾರೆ, ಉಳಿದ ನಮ್ಮ ಪೂರ್ವಿಕರೆಲ್ಲ ಊಟ ಮಾಡಿ ಮಲಗಿದ್ದರು. ಪಾಪ, ಹೊಯ್ಸಳರ ಶಿಲ್ಪಿಗಳಿಗೆ ಇದು ಆಗಲೇ ವಾಸನೆ ಬಡಿದಿತ್ತೋ ಏನೋ, ದಾಸೋಜ, ಮಲ್ಲಿತಮ್ಮ ಅಂತ ವಿಗ್ರಹದ ಪೀಠದ ಮೇಲೆ ಹೆಸರು ಕೊರೆದು ಹೋದರು. ಕಲ್ಲಲ್ಲಿ ಕೊರೆದರೂ ಖಾತೆ ಆದದ್ದು ಜಕಣಾಚಾರಿ ಹೆಸರಿಗೇ. ಇನ್ನು ಹಲ್ದಣಕರರದ್ದು ಕಾಗದದ ಮೇಲಿನ ಬಣ್ಣ, ಯಾರು ಕೇಳಬೇಕು? ಹನ್ನೆರಡು ವರ್ಷ ಅಡೆತಡೆಯಿಲ್ಲದೆ ಅನುಭವಿಸಿದರೆ ಜಮೀನು ಅನುಭವಿಸಿದವನದೇ ಅಂತ ಕೋರ್ಟಿನಲ್ಲಿ ವಾದ ಮಾಡುತ್ತಾರಲ್ಲ, ನಾವು ಈ ಚಿತ್ರವನ್ನು ರವಿವರ್ಮನ ಹೆಸರಲ್ಲಿ ಅನುಭವಿಸ್ತಾ ಎಷ್ಟೋ ದಶಕ ಆಯಿತು. ಪಹಣಿಯಲ್ಲಿ ಹೆಸರು ಏರಿಸೋದೊಂದು ಬಾಕಿ.

ನನ್ನ ಸಲಹೆ, ಅದನ್ನೂ ಏರಿಸಿಬಿಡಿ. ಬರೀ ದೀಪದ ಹೆಂಗಸು ಯಾಕೆ, ಇಡೀ ಜಗನ್ಮೋಹನವನ್ನೇ ಪೋಡಿ ಮಾಡಿಸಿ ರವಿವರ್ಮನಿಗೆ ಕೊಟ್ಟುಬಿಡಿ. ಅಕ್ಕಿಕಾಳು ರವಿವರ್ಮ. ಗಡಿಯಾರ ರವಿವರ್ಮ. ಸಂತಾನಾಂಬುಜದಲ್ಲಿ ಒಂದು ದಳ ರವಿವರ್ಮ. ಗೈಡುಗಳಿಗೆ ಬಾಯಿಪಾಠ ಸುಲಭ. ಆಗ ಇಪ್ಪತ್ತು ನಿಮಿಷ ಜಾಸ್ತಿ ಆಗುತ್ತೆ, ಹತ್ತು ಸಾಕು, ಉಳಿದದ್ದು ಸೀರೆ ಅಂಗಡಿಗೆ.

ಅಷ್ಟರಲ್ಲಿ ಒಂದು ಶಾಲೆಯ ಮಕ್ಕಳು ಬಂದವು. ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟ ಸಾಲು. ಮೇಷ್ಟ್ರು ಒಂದೇ ಉಸಿರಲ್ಲಿ, 'ಮುಟ್ಬೇಡಿ, ಮಾತಾಡ್ಬೇಡಿ, ನಿಲ್ಬೇಡಿ, ಮುಂದೆ ನಡೀರಿ.' ನೋಡಿ ಅನ್ನೋದೊಂದು ಬಿಟ್ಟು ಎಲ್ಲ ಹೇಳಿದರು. ಒಬ್ಬ ಪುಟ್ಟ ಹುಡುಗಿ ಮಾತ್ರ ಸಾಲು ತಪ್ಪಿಸಿ ಚಿತ್ರದ ಮುಂದೆ ನಿಂತುಬಿಟ್ಟಿತು. ತನ್ನ ಅಂಗೈ ಎತ್ತಿ, ಬೆರಳು ಅಗಲಿಸಿ, ಆ ಹೆಂಗಸಿನ ಕೈ ಹಾಗೇ ಹಿಡಿದು ನೋಡಿಕೊಂಡಿತು. ಮೇಷ್ಟ್ರು ಜಡೆ ಹಿಡಿದು ಸಾಲಿಗೆ ಸೇರಿಸಿದರು. ಅವತ್ತು ಆ ಕೋಣೆಯಲ್ಲಿ ಚಿತ್ರ ನೋಡಿದ್ದು ಅವಳೊಬ್ಬಳೇ ಅಂತ ನನ್ನ ಲೆಕ್ಕ.

ಭಾವ ಆ ಹೊತ್ತಿಗೆ ಬೇರೆ ಸಂಶೋಧನೆಯಲ್ಲಿದ್ದರು. ಚಿತ್ರದ ಪಕ್ಕಕ್ಕೆ ಹೋಗಿ, ಕತ್ತು ಓರೆ ಮಾಡಿ, ಗೋಡೆಗೂ ಫ್ರೇಮಿಗೂ ನಡುವೆ ಇಣುಕುತ್ತಿದ್ದರು. ಏನು ಹುಡುಕ್ತಿದೀರಿ ಅಂದೆ. 'ಬಲ್ಬು. ಹಿಂದೆ ಬಲ್ಬ್ ಇಟ್ಟಿರ್ತಾರೆ ಕಣಯ್ಯ, ಇಲ್ಲದಿದ್ರೆ ಹಿಂಗೆ ಹೊಳೆಯುತ್ತಾ?' ಬಲ್ಬು ಇರಲಿಲ್ಲ. ಅವರ ಮುಖ ಸಣ್ಣಗಾಯಿತು, ಕೊಟ್ಟ ಟಿಕೆಟ್ಟಿನಲ್ಲಿ ಅರ್ಧ ದುಡ್ಡು ಮೋಸ ಹೋದವರ ಹಾಗೆ. ಅಷ್ಟರಲ್ಲಿ ಹೊರಗೆ ಬಸ್ಸಿನವನು ಹಾರ್ನ್ ಹೊಡೆಯೋಕೆ ಶುರು ಮಾಡಿದ. ಗಡಿಯಾರದ ಸೈನಿಕರು ಹೊರಗೆ ಬರೋಕೆ ಇನ್ನೂ ಆರೇಳು ನಿಮಿಷ ಇತ್ತು. ಯಾರೂ ಕಾಯಲಿಲ್ಲ.

ಹೋದ ತಿಂಗಳು ತುಮಕೂರಿಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ಹಾಲಿನಲ್ಲಿ, ಸ್ವಿಚ್ ಬೋರ್ಡಿನ ಮೇಲೆ, ದೀಪದ ಹೆಂಗಸು ನಿಂತಿದ್ದಾಳೆ. ಚಿನ್ನದ ಬಣ್ಣದ ಫ್ರೇಮು, ಕೆಳಗೆ ದೊಡ್ಡ ಅಕ್ಷರದಲ್ಲಿ ರಾಜಾ ರವಿವರ್ಮ. ನನ್ನನ್ನು ನೋಡಿದ್ದೇ ಭಾವ ಓಡಿ ಬಂದರು. 'ಇರು ಇರು, ಚಪ್ಪಲಿ ಆಮೇಲೆ ಬಿಡುವೆಯಂತೆ' ಅಂತ ಕೈ ಹಿಡಿದು ಎಳೆದುಕೊಂಡು ಹೋಗಿ ಸ್ವಿಚ್ ಒತ್ತಿದರು. ಚಿತ್ರದ ಹಿಂದಿನಿಂದ ಎಲ್‌ಇಡಿ ಪಟ್ಟಿ ಜಗ್ಗನೆ ಹತ್ತಿತು. ಹೆಂಗಸಿನ ಕೈ, ಮುಖ, ಸೀರೆ, ಹಿಂದಿನ ಕತ್ತಲೆ ಎಲ್ಲ ಒಂದೇ ಸಮ ಬೆಳ್ಳಗಾಯಿತು. ಇನ್ನೊಮ್ಮೆ ಒತ್ತಿದರು, ಹಸಿರು. ಇನ್ನೊಮ್ಮೆ, ನೀಲಿ.

'ಹೆಂಗೆ?' ಅಂದರು ಭಾವ. 'ಪಾಪ, ರವಿವರ್ಮನ ಕಾಲದಲ್ಲಿ ಇದೆಲ್ಲ ಸಿಗ್ತಿರಲಿಲ್ಲ.'