ನಂಬರ್ ಕೊಟ್ಟರೆ ಕಾರಿನ ಜಾತಕ

ಹೋದ ವರ್ಷ ರಜೆಗೆ ದಾವಣಗೆರೆಗೆ ಹೊರಡುವ ಮುಂಚೆ ತಮ್ಮ ಫೋನ್ ಮಾಡಿದ್ದ. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಒಂದು ನೋಡಿದ್ದೀನಿ ಅಂದ. ನಾನು ಕೇಳಿದ್ದು ಒಂದೇ: "ನಂಬರ್ ಕಳಿಸು." ಅವನು ಫೋಟೊ ಕಳಿಸಿದ. "ನಂಬರ್ ತಗೊಂಡು ಏನ್ ಮಾಡ್ತೀಯಣ್ಣ? ಗಾಡಿ ನೋಡು, ಹೊಸದಿದ್ದಂಗೈತಿ."

ನಾನಿರುವುದು ವೇಲ್ಸಿನ ಸ್ವಾನ್ಸಿಯಲ್ಲಿ. ಬ್ರಿಟನ್ನಿನ ಗಾಡಿಗಳ ದಾಖಲೆ ಇಟ್ಟುಕೊಳ್ಳುವ ಡಿವಿಎಲ್‌ಎ ಕಚೇರಿ ಇರುವುದೂ ಇದೇ ಊರಲ್ಲಿ. ಇಲ್ಲಿ ಹಳೆ ಕಾರು ಕೊಳ್ಳುವವರು ಮೊದಲು ನಂಬರ್ ಕೇಳುತ್ತಾರೆ. ಕಾರಿಗೆ ಮೂರು ವರ್ಷ ತುಂಬಿತು ಅಂದರೆ ಪ್ರತಿ ವರ್ಷ ಎಂಒಟಿ ಅನ್ನುವ ಪರೀಕ್ಷೆ ಆಗಲೇಬೇಕು. ಬ್ರೇಕು, ಟಯರು, ಲೈಟು, ಸ್ಟೀರಿಂಗು, ಅಡಿಭಾಗದ ತುಕ್ಕು, ಹೊಗೆ ಎಲ್ಲ ನೋಡುತ್ತಾರೆ. ಆವತ್ತು ಮೀಟರ್ ಎಷ್ಟಿತ್ತು, ಪಾಸೋ ಫೇಲೋ, ಯಾವುದು ಸವೆಯುತ್ತಿದೆ ಅನ್ನುವುದನ್ನೂ ಬರೆಯುತ್ತಾರೆ. ಆ ಚರಿತ್ರೆಯನ್ನು ಯಾರು ಬೇಕಾದರೂ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ನೋಡಬಹುದು. ನಂಬರ್ ಗೊತ್ತಿದ್ದರೆ ಸಾಕು.

ಈಗಿನ ಕಾರು ಕೊಳ್ಳುವಾಗ ನಾನು ಎರಡು ಹೋಂಡಾ ಜಾಜ್ ಕಾರುಗಳ ಚರಿತ್ರೆ ಓದಿದ್ದೆ. ಒಂದು ಎಲ್ಲ ವರ್ಷವೂ ಪಾಸ್. ಆದರೆ ಟಯರ್ ಸವೆದಿದೆ, ಸದ್ಯದಲ್ಲೇ ಬದಲಿಸಿ ಅನ್ನುವ ಎಚ್ಚರಿಕೆ ಮೂರು ವರ್ಷ ಸತತವಾಗಿ ಇತ್ತು. ಇನ್ನೊಂದಕ್ಕೆ ಒಂದು ವರ್ಷ ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆ ಅಂತ ಬರೆದಿದ್ದರು, ಮರುವರ್ಷ ಆ ಸಾಲೇ ಇಲ್ಲ. ಅಂದರೆ ಮಾಲೀಕ ರಿಪೇರಿ ಮಾಡಿಸಿದ್ದ. ನಾನು ಕೊಂಡದ್ದು ಎರಡನೆಯದನ್ನು. ಟಯರಿನ ಮಾತನ್ನೇ ಮೂರು ವರ್ಷ ಕೇಳದವನು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾನಾ?

ಹಾಗಂತ ಕಾಗದ ನೋಡಿ ಕಣ್ಣು ಮುಚ್ಚಿಕೊಂಡು ಕೊಳ್ಳಬೇಡಿ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಆ ತಪ್ಪು ಮಾಡಿದ್ದೆ. ಚರಿತ್ರೆ ಸ್ವಚ್ಛವಾಗಿತ್ತು, ದುಡ್ಡು ಕೊಟ್ಟು ತಂದೆ. ಆರೇ ವಾರಕ್ಕೆ ಕ್ಲಚ್ ಹೋಯಿತು. ಆ ಪರೀಕ್ಷೆಯಲ್ಲಿ ಕ್ಲಚ್ಚು, ಗೇರ್ ಬಾಕ್ಸು, ಎಂಜಿನ್ನಿನ ಒಳಗಿನ ಸ್ಥಿತಿ ನೋಡುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಡೀಲರ್ ಹತ್ತಿರ ಕೊಂಡಿದ್ದರೆ, ದೋಷವಿದ್ದ ಕಾರನ್ನು 30 ದಿನದೊಳಗೆ ವಾಪಸ್ ಕೊಡುವ ಹಕ್ಕನ್ನು ಇಲ್ಲಿಯ 2015ರ ಗ್ರಾಹಕ ಹಕ್ಕುಗಳ ಕಾನೂನು ಕೊಡುತ್ತದೆ. ನಾನು ಕೊಂಡದ್ದು ಖಾಸಗಿಯವರ ಹತ್ತಿರ, ಆ ಹಕ್ಕಿರಲಿಲ್ಲ. ಇದ್ದಿದ್ದರೂ ಆರು ವಾರದ ಹೊತ್ತಿಗೆ ಅದರ ಗಡುವು ಮುಗಿದಿರುತ್ತಿತ್ತು.

ಪರೀಕ್ಷೆಯ ಆ ಕೊರತೆಗೆ ಮದ್ದು ನಮ್ಮೂರಲ್ಲಿದೆ. ಅದು ನಮ್ಮ ಮೇಸ್ತ್ರಿ. ಸ್ವಿಫ್ಟ್ ನೋಡಲು ಹೋದಾಗ ತಮ್ಮ ನಮ್ಮ ಓಣಿಯ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಬಂದ. ಅವರು ಬೈಕಿನಿಂದ ಇಳಿದವರೇ ಬಾನೆಟ್ ಮೇಲೆ ಅಂಗೈ ಇಟ್ಟರು. "ಬಿಸಿ ಐತಿ. ನಾವು ಬರೋ ಮೊದ್ಲೇ ಸ್ಟಾರ್ಟ್ ಮಾಡ್ಯಾರ." ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಲೇ ಅದರ ತೊಂದರೆ, ಸದ್ದು, ಹೊಗೆ ಹೊರಬೀಳುವುದು. ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆದು ಒಳಗಿನ ತಗಡಿನ ಮೇಲೆ ಬೆರಳಾಡಿಸಿದರು. ಕಾರ್ಖಾನೆಯ ವೆಲ್ಡಿಂಗಿನ ದುಂಡು ಗುರುತುಗಳು ಸಾಲಾಗಿ ಇರಬೇಕು. ಒಂದು ಕಡೆ ಆ ಗುರುತಿರಲಿಲ್ಲ, ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದಿದ್ದರು. ಗಾಡಿ ಎಲ್ಲೋ ಜೋರಾಗಿ ಗುದ್ದಿಸಿಕೊಂಡಿದೆ ಅಂತ ಅರ್ಥ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರು, ಹೊಗೆ ಬುಸುಬುಸು ಅಂತ ಬಂತು. ಎಂಜಿನ್ ಒಳಗೆ ಸವೆದಿರುವ ಗುರುತು ಅದು.

ಇಂಥ ಕೈ ನನಗೆ ಸ್ವಾನ್ಸಿಯಲ್ಲಿ ಸಿಕ್ಕಿಲ್ಲ. ಇಲ್ಲೂ ದುಡ್ಡು ಕೊಟ್ಟು ತಪಾಸಣೆ ಮಾಡಿಸಬಹುದು. ಆದರೆ ನನ್ನ ಪರಿಚಯದವರಲ್ಲಿ ಹಾಗೆ ಮಾಡಿಸುವವರು ಕಡಿಮೆ. ಪರದೆ ನೋಡಿಯೇ ತೀರ್ಮಾನ ಮಾಡುತ್ತಾರೆ.

ಆ ಸ್ವಿಫ್ಟಿನ ಮೀಟರಿನಲ್ಲಿ ಇದ್ದದ್ದು 48,000 ಕಿಲೋಮೀಟರ್. ಬ್ರೇಕ್ ಪೆಡಲಿನ ರಬ್ಬರ್ ನೋಡಿದರೆ ಗೆರೆಗಳೆಲ್ಲ ಮಾಯವಾಗಿ ನುಣ್ಣಗಾಗಿತ್ತು. ಸ್ಟೀರಿಂಗಿನ ಮೇಲುಭಾಗ ಹೊಳೆಯುತ್ತಿತ್ತು. ಅನುಮಾನ ಬಂದು, ಕಂಪನಿ ಸರ್ವೀಸ್ ಸೆಂಟರಿನಿಂದ ಹಳೆ ಸರ್ವೀಸ್ ಪಟ್ಟಿ ತರಿಸಿ ಅಂತ ಮಾರುವವರನ್ನು ಕೇಳಿದೆವು. ಕೊಟ್ಟರು. ನಾಲ್ಕು ವರ್ಷದ ಹಿಂದಿನ ಸರ್ವೀಸಿನಲ್ಲೇ 71,000 ಅಂತ ಬರೆದಿತ್ತು. ತಮ್ಮ ಒಂದೂ ಮಾತಾಡದೆ ಮುಂಗಡದ ಕವರನ್ನು ವಾಪಸ್ ಜೇಬಿಗೆ ಇಟ್ಟುಕೊಂಡ.

ನನಗೆ ಬೇಜಾರಾಗುವುದು ಇಲ್ಲಿಯೇ. ಆ 71,000 ಅನ್ನುವ ಅಂಕಿ ಒಂದು ಕಂಪ್ಯೂಟರಿನಲ್ಲಿ ಸುಮ್ನೆ ಕೂತಿತ್ತು. ಮಾರುವವನು ಒಪ್ಪದೆ ಇದ್ದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷದ ತನಕ ಫಿಟ್‌ನೆಸ್ ಪರೀಕ್ಷೆಯೇ ಇಲ್ಲ. ಆದರೆ ಹೊಗೆ ತಪಾಸಣೆಗೆ ಎಲ್ಲರೂ ಹೋಗಲೇಬೇಕು. ಆವತ್ತಿನ ಮೀಟರ್ ಎಷ್ಟು ಅನ್ನುವುದು ಗಾಡಿ ನಂಬರಿನ ಕೆಳಗೆ ಎಲ್ಲರಿಗೂ ಕಾಣುವ ಹಾಗಾದರೆ ಸಾಕು, ಮೀಟರ್ ಹಿಂದಕ್ಕೆ ತಿರುಗಿಸುವ ದಂಧೆಗೆ ಅರ್ಧ ಬೀಗ ಬೀಳುತ್ತದೆ. ಸಾಲ ಇದೆಯಾ, ಇನ್ಶೂರೆನ್ಸ್ ಎಲ್ಲಿಯ ತನಕ, ಎಷ್ಟನೇ ಮಾಲೀಕ ಅನ್ನುವುದನ್ನು ಸರ್ಕಾರದ ಪರಿವಾಹನ ವೆಬ್‌ಸೈಟಿನಲ್ಲಿ ಈಗಲೇ ನೋಡಬಹುದು. ಅದನ್ನಾದರೂ ಬಿಡಬೇಡಿ. ಬಾಕಿ ದಂಡ ಎಷ್ಟಿದೆ ಅಂತಲೂ ನೋಡಿಕೊಳ್ಳಿ.

ಬೆಂಗಳೂರಿನ ಗಾಡಿ ಅಂದರೆ ಇನ್ನೊಂದು ಕೆಲಸ ಇದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಎಷ್ಟೋ ಕಾರು ನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಆ ಗಾಡಿ ಬೇಡ.

ಕೊಂಡ ಮೇಲಿನ ವಿಷಯಕ್ಕೆ ಬಂದರೆ ಟಯರ್ ಬಗ್ಗೆ ಹೇಳಲೇಬೇಕು. ಇಲ್ಲಿ ವರ್ಷಕ್ಕೊಮ್ಮೆ ಬೇರೆ ಯಾರೋ ನಮ್ಮ ಟಯರ್ ನೋಡುತ್ತಾರೆ. ಊರಲ್ಲಿ ನಾವೇ ನೋಡಬೇಕು, ಪಂಚರ್ ಆಗುವ ತನಕ ನೋಡುವುದಿಲ್ಲ. ಟಯರಿನ ಪಕ್ಕದಲ್ಲಿ ಒಂದು ನಾಲ್ಕಂಕಿ ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟಯರಿನ ಗುಂಡಿ, ಅಂದರೆ ರಸ್ತೆಗೆ ತಾಗುವ ಉಬ್ಬು, ಎಷ್ಟೇ ಚೆನ್ನಾಗಿದ್ದರೂ ಹಳೆ ರಬ್ಬರ್ ಬಿರುಕು ಬಿಡುತ್ತದೆ. ಗುಂಡಿಗಳ ನಡುವೆ ಅಡ್ಡಕ್ಕಿರುವ ಸಣ್ಣ ದಿಣ್ಣೆ 1.6 ಮಿಲಿಮೀಟರಿನ ಗುರುತು, ಟಯರ್ ಅದರ ಮಟ್ಟಕ್ಕೆ ಸವೆದರೆ ಬದಲಿಸಲೇಬೇಕು. ಗಾಳಿಯನ್ನು ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ ನೋಡಿಸಿ. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕರಿನಲ್ಲಿ ಇರುತ್ತದೆ. ಗಾಳಿ ಕಡಿಮೆ ಇಟ್ಟುಕೊಂಡು ಬೇಸಿಗೆಯ ಮಧ್ಯಾಹ್ನ ಹೈವೇಯಲ್ಲಿ ಬೆಂಗಳೂರಿಗೆ ಹೊರಟರೆ ಟಯರ್ ಕಾದು ಸಿಡಿಯುವ ಅಪಾಯ ಜಾಸ್ತಿ.

ಸ್ಟೆಪ್ನಿಗೂ ಗಾಳಿ ಇರಲಿ. ಈ ಮಾತು ಹುಟ್ಟಿದ್ದು ನನ್ನ ಮನೆಯಿಂದ ಅರ್ಧ ಗಂಟೆ ದಾರಿಯ ಲನೆಥ್ಲಿ ಊರಲ್ಲಿ. 1904ರಲ್ಲಿ ಅಲ್ಲಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಇಲ್ಲಿಯ ಗೆಳೆಯರ ಮುಂದೆ ಸ್ಟೆಪ್ನಿ ಅಂದರೆ ಯಾರಿಗೂ ಅರ್ಥವಾಗಲಿಲ್ಲ. ಹೆಸರು ಉಳಿಸಿಕೊಂಡವರು ನಾವು.

ಕೊನೆಗೆ ಆರ್‌ಸಿ. ಇಲ್ಲಿ ಕಾರು ಮಾರಿದ ದಿನವೇ ಆನ್‌ಲೈನಿನಲ್ಲಿ ತಿಳಿಸುತ್ತೇವೆ, ಕೊಂಡವರ ಹೆಸರಿನ ಕಾಗದ ಕೆಲವೇ ದಿನದಲ್ಲಿ ಅಂಚೆಯಲ್ಲಿ ಬರುತ್ತದೆ. ನಮ್ಮಲ್ಲಿ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ಮಾಡಿಸಿದರಾಯ್ತು ಅಂತ ವರ್ಷಗಟ್ಟಲೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಮಾರಿದವರು ಇದಕ್ಕೆ ಹೆದರಬೇಕು. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರು 14 ದಿನದೊಳಗೆ ಇನ್ಶೂರೆನ್ಸನ್ನೂ ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು.

ತಮ್ಮ ಆಮೇಲೆ ಬೇರೆ ಕಾರು ಕೊಂಡ, ರಿಟೈರ್ ಆದ ಮೇಷ್ಟ್ರೊಬ್ಬರದ್ದು. ಮೊದಲ ಸರ್ವೀಸಿನಿಂದ ಎಲ್ಲ ಬಿಲ್ಲುಗಳನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದರು. ಬೆಲೆ ಸ್ವಿಫ್ಟಿಗಿಂತ ಇಪ್ಪತ್ತೈದು ಸಾವಿರ ಜಾಸ್ತಿ. ಮೇಸ್ತ್ರಿ ಬಾನೆಟ್ ಮುಟ್ಟಿ ನೋಡಿದರು, ತಣ್ಣಗಿತ್ತು. ಈಗ ಆ ಫೈಲಿನಲ್ಲಿ ತಮ್ಮನ ಬಿಲ್ಲುಗಳು ಸೇರುತ್ತಿವೆ.