ಕೋಟ್ಯಧೀಶರ 42.74% ತೆರಿಗೆ: ಒಂದು ಸ್ಪಷ್ಟನೆ

"ಐದು ಕೋಟಿ ದಾಟಿದ ಆದಾಯಕ್ಕೆ ಸರ್ಕಾರ 42.74% ಕಿತ್ಕೊಳ್ಳುತ್ತೆ" ಅನ್ನೋ ಸಂದೇಶವನ್ನ ಮೊನ್ನೆ ತೀರ್ಥಹಳ್ಳಿಯ ಅಡಿಕೆ ಮಂಡಿಯಲ್ಲಿ ಒಬ್ಬರು ಮೊಬೈಲ್ ಚಾಚಿ ತೋರಿಸಿದರು, ಪಾಪ ಅನ್ನೋ ಮುಖ ಮಾಡಿ. ಅದು ಆದಾಯ ತೆರಿಗೆಯ ಹಳೇ ಪದ್ಧತಿಯ ದರ. 2023ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ಸರ್ಚಾರ್ಜ್, ಅಂದ್ರೆ ತೆರಿಗೆಯ ಮೇಲೆ ಬೀಳೋ ಹೆಚ್ಚುವರಿ ತೆರಿಗೆ, 37ರಿಂದ 25%ಗೆ ಇಳಿದು, ಎಲ್ಲ ಸೇರಿ ಗರಿಷ್ಠ ದರ 39% ಆಗಿದೆ. ಅದೂ ಸಂಬಳ, ಬಡ್ಡಿಯಂಥ ಆದಾಯಕ್ಕೆ. ದೊಡ್ಡ ಕುಳಗಳ ದುಡ್ಡು ಇರೋದು ಷೇರಿನಲ್ಲಿ. ಲಿಸ್ಟ್ ಆದ, ಅಂದ್ರೆ ಷೇರುಪೇಟೆಯಲ್ಲಿ ವಹಿವಾಟಾಗೋ ಷೇರನ್ನು ವರ್ಷ ದಾಟಿಸಿ ಮಾರಿದರೆ ಲಾಭಕ್ಕೆ 12.5%, ಸರ್ಚಾರ್ಜ್, ಸೆಸ್ ಸೇರಿದರೂ 14.95% ಮೀರಲ್ಲ. ಮಾರದೆ ಇಟ್ಟುಕೊಂಡರೆ ಏರಿದ ಬೆಲೆಗೆ ಸೊನ್ನೆ. ಸಂಪತ್ತಿನ ತೆರಿಗೆಯಂತೂ 2015ರ ಬಜೆಟ್‌ನಲ್ಲೇ ಹೋಯ್ತು.

ಅದೇ ಸಂದೇಶದ ಬಾಲದಲ್ಲಿ, ಪಕ್ಷಗಳಿಗೆ ಹೆಸರು ಬಯಲಾಗದಂತೆ ದೇಣಿಗೆ ಕೊಡೋಕೆ ಇದ್ದ "ಚುನಾವಣಾ ಬಾಂಡ್ ಈಗಲೂ ಸಿಗುತ್ತೆ" ಅಂತಿದೆ. ಇಲ್ಲ, ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದೇ ಆ ಯೋಜನೆ ರದ್ದು ಮಾಡಿದೆ.